ಗುಹೆಯೊಳಗೆ ಹಿಂಜಿದ ಹತ್ತಿ

ಮೋಡ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ದಕ್ಷಿಣ ಮೆಕ್ಸಿಕೊದ ಚಿಯಾಪಾಸ್ ಬೆಟ್ಟಸೀಮೆಯ ಮಾಯಾ ಜನರಲ್ಲಿ ಒಂದು ಹಳೆಯ ಉತ್ತರವಿದೆ. ಆ ಉತ್ತರ ಆಕಾಶದ ಕಡೆ ಬೆರಳು ತೋರಿಸುವುದಿಲ್ಲ, ಬೆಟ್ಟದ ಕಡೆ ತೋರಿಸುತ್ತದೆ. ಬೆಟ್ಟದ ಹೊಟ್ಟೆಯಲ್ಲಿ ಗುಹೆ, ಗುಹೆಯಲ್ಲಿ ನೆಲದೊಡೆಯ, ಅವನಿಗೆ ಹೆಣ್ಣುಮಕ್ಕಳು. ಆ ಹುಡುಗಿಯರು ಒಳಗೆ ಕೂತು ಹತ್ತಿ ಹಿಂಜುತ್ತಾರೆ. ಗುಡ್ಡೆ ಬಿದ್ದ ಅರಳೆಗೆ ಅಪ್ಪನ ಮಿಂಚು ತಾಗಿದ್ದೇ ತಡ, ಅದು ಮಳೆಮೋಡವಾಗಿ ಗುಹೆಯ ಬಾಯಿಂದ ಹೊರಟುಬಿಡುತ್ತದೆ.

ಜಗತ್ತಿನ ಮಳೆದೇವತೆಗಳ ಕಥೆಗಳಲ್ಲಿ ಆಯುಧಗಳದ್ದೇ ಕಾರುಬಾರು. ವಜ್ರ, ಕೊಡಲಿ, ಸುತ್ತಿಗೆ, ಯಾವುದಾದರೊಂದು ಬೇಕೇ ಬೇಕು. ಇಲ್ಲಿಯೂ ಮಿಂಚಿದೆ, ಇಲ್ಲವೆಂದಲ್ಲ. ಆದರೆ ಮಿಂಚಿಗೆ ಮುಂಚೆ ಯಾರೋ ಕೂತು ಅರಳೆ ಸಿದ್ಧಮಾಡಿರಬೇಕು. ಹಿಂಜುವ ಕೆಲಸ ಆಗದಿದ್ದರೆ ಒಡೆಯನ ಮಿಂಚು ಬರೀ ಬೆಳಕು. ಮಳೆಯ ಹಿಂದೆ ಹೆಣ್ಣುಮಕ್ಕಳ ದುಡಿಮೆಯನ್ನು ಕಂಡ ಇಂಥ ಕಲ್ಪನೆ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಇದನ್ನು ಕಟ್ಟಿದವರು ಮಗ್ಗದ ಮುಂದೆ ಕೂತವರೇ ಇರಬೇಕು.

ಈ ನೆಲದೊಡೆಯನೂ ರಸವತ್ತಾದ ಆಸಾಮಿ. ಕೆಲವೆಡೆ ಅವನನ್ನು ಆನ್ಹೆಲ್ ಎನ್ನುತ್ತಾರೆ. 1957ರಿಂದ ಹಲವು ವರ್ಷ ಸಿನಾಕಾಂತಾನ್ ಎಂಬ ತ್ಸೋತ್ಸಿಲ್ ಮಾಯಾ ಜನರ ಊರಿನಲ್ಲಿ ಅಧ್ಯಯನ ನಡೆಸಿದ ಹಾರ್ವರ್ಡ್‌ನ ಮಾನವಶಾಸ್ತ್ರಜ್ಞ ಈವಾನ್ ವೋಗ್ಟ್ ಅವನ ಚಿತ್ರವನ್ನು ಬರೆದಿಟ್ಟಿದ್ದಾರೆ. ಸ್ಪ್ಯಾನಿಷ್ ಮಾತಾಡುವ ಜಮೀನ್ದಾರನ ಹಾಗೆ ದಪ್ಪಗಿದ್ದಾನೆ, ದುಡ್ಡಿನ ರಾಶಿಯ ನಡುವೆ ಕೂತಿದ್ದಾನೆ. ಅವನ ಸವಾರಿಗೆ ಜಿಂಕೆ, ಚಾವಟಿಗೆ ಹಾವು, ಮದ್ದು ತುಂಬುವ ಡಬ್ಬಿಗೆ ಬಸವನಹುಳುವಿನ ಚಿಪ್ಪು. ಆ ಮದ್ದಿನಿಂದ ಹಾರಿಸಿದ ಬಾಣಗಳೇ ನಮಗೆ ಕಾಣುವ ಮಿಂಚು. ಊರಿನ ನೀರು, ಮಣ್ಣು, ಮರ ಎಲ್ಲ ಅವನ ಸ್ವತ್ತು. ಮನೆ ಕಟ್ಟಲು ಮಣ್ಣು ತೆಗೆದರೆ, ಬಾವಿಯಿಂದ ನೀರು ಸೇದಿದರೆ ಅವನಿಗೆ ಕಾಣಿಕೆ ಸಲ್ಲಬೇಕು. ಶತಮಾನಗಳ ಕಾಲ ಯಾರ ಹೊಲದಲ್ಲಿ ಜೀತ ಮಾಡಿದರೋ ಆ ಧಣಿಯ ಮುಖವನ್ನೇ ದೇವರಿಗೂ ಅಂಟಿಸಿದ್ದಾರೆ. ಭಕ್ತಿ ಎಷ್ಟಿದೆಯೋ, ಕುಹಕವೂ ಅಷ್ಟೇ ಇದೆ. ಮಳೆಗಾಲ ಶುರುವಾಗುವ ಮೇ ತಿಂಗಳ ಮೊದಲ ವಾರ, ಶಿಲುಬೆಯ ಹಬ್ಬದ ಹೊತ್ತಿಗೆ, ಒಂದೇ ನೀರಗುಂಡಿಯಿಂದ ಕುಡಿಯುವ ಮನೆಯವರೆಲ್ಲ ಸೇರಿ ಗುಂಡಿಯ ಹೂಳೆತ್ತುತ್ತಾರೆ, ಶಿಲುಬೆಗಳಿಗೆ ಪೈನ್ ಕೊಂಬೆ ಕಟ್ಟುತ್ತಾರೆ, ಮೇಣದಬತ್ತಿ ಹಚ್ಚಿ ಒಡೆಯನನ್ನು ನೆನೆಯುತ್ತಾರೆ.

ಹತ್ತಿಯ ಕಡೆ ಬರೋಣ. ಬೀಜ ಬಿಡಿಸಿದ ಹತ್ತಿಯನ್ನು ಚಿಯಾಪಾಸ್, ಗ್ವಾಟೆಮಾಲಾದ ಹೆಂಗಸರು ತೊಗಲಿನ ಮೇಲೋ ಚಾಪೆಯ ಮೇಲೋ ಹರವಿ ಎರಡು ಕೋಲುಗಳಿಂದ ಬಡಿಯುತ್ತಾರೆ. ನಮ್ಮ ಪಿಂಜಾರರ ಬಿಲ್ಲಿನ ಟೊಂಯ್‌ಗುಟ್ಟುವ ದನಿ ಅಲ್ಲಿಲ್ಲ, ಒಂದೇ ಸಮನೆ ದಬದಬ ಸದ್ದು. ಗಂಟುಗಂಟಾಗಿದ್ದ ಹತ್ತಿ ಆ ಪೆಟ್ಟಿಗೆ ಸಡಿಲಾಗಿ, ಉಬ್ಬಿ, ಅಂಚುಗಳೇ ಕಾಣದ ಒಂದು ಬಿಳಿ ಹಾಸಾಗುತ್ತದೆ. ಬೆಟ್ಟದೊಳಗೂ ಇದೇ ಕೆಲಸ ನಡೆಯುತ್ತಿದೆ ಎಂದುಕೊಂಡರೆ ದೂರದ ಗುಡುಗಿಗೆ ಬೇರೆ ವಿವರಣೆಯೇ ಬೇಡ. ಹತ್ತಿ ಎಲ್ಲವೂ ಬಿಳಿಯದಲ್ಲ. ಗಿಡದಲ್ಲೇ ಕಂದು ಬಣ್ಣಕ್ಕೆ ಬಿಡುವ ತಳಿಯೊಂದಿದೆ, ಗ್ವಾಟೆಮಾಲಾದಲ್ಲಿ ಇಶ್ಕಾಕೊ ಎನ್ನುತ್ತಾರೆ. ಬಣ್ಣ ಹಾಕದೆ ಹಾಗೆಯೇ ನೂತು ನೇಯುತ್ತಾರೆ. ಮಳೆ ಬಿದ್ದ ಮಣ್ಣಿನದೇ ಬಣ್ಣ.

ಇಲ್ಲಿ ಧಾರವಾಡದ ಮಾತೊಂದು ಬರಲೇಬೇಕು. ಇವತ್ತು ಜಗತ್ತಿನ ಹೆಚ್ಚಿನ ಹೊಲಗಳಲ್ಲಿ ಬೆಳೆಯುವ ಉದ್ದೆಳೆಯ ಹತ್ತಿಯ ಪೂರ್ವಜ ಮೊದಲು ಕೃಷಿಗೆ ಬಂದದ್ದು ಮೆಕ್ಸಿಕೊದ ಯುಕಟಾನ್ ಕಡೆ, ಅಂದರೆ ಮಾಯಾ ಸೀಮೆಯಲ್ಲಿ, ಎಂಬುದು ಸಸ್ಯವಿಜ್ಞಾನಿಗಳ ಅಭಿಪ್ರಾಯ. ಅದೇ ಜಾತಿಯ ಹತ್ತಿ ಅಮೆರಿಕದ ತೋಟಗಳನ್ನು ಸುತ್ತಿಕೊಂಡು 19ನೇ ಶತಮಾನದ ನಡುಭಾಗದಲ್ಲಿ ಬ್ರಿಟಿಷರ ಮೂಲಕ ನಮ್ಮ ಕಪ್ಪುಮಣ್ಣಿಗೆ ಬಂತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಲ್ಲಿ ಪೇಟೆಗೆ ಹೋಯಿತು. ಅಜ್ಜಿಯ ಹಳೆಯ ಸೀರೆಯ ಎಳೆಗೂ ಆ ಗುಹೆಯ ಹುಡುಗಿಯರಿಗೂ ಇಷ್ಟು ನಂಟು ಇದ್ದರೂ ಇರಬಹುದು.

ನೂತ ಮೇಲೆ ಹಾಸಿನ ಎಳೆಗಳಿಗೆ ಗಂಜಿ ಹಾಕಬೇಕು. ಅಲ್ಲಿ ಗಂಜಿ ಎಂದರೆ ಮುಸುಕಿನ ಜೋಳದ್ದು. ಮಾಯಾ ಜನರ ‘ಪೊಪೊಲ್ ವೂಹ್’ ಪುರಾಣದಲ್ಲಿ ದೇವರುಗಳು ಮನುಷ್ಯನನ್ನು ಮಣ್ಣಿನಿಂದ ಮಾಡಿ ಸೋತರು, ಮರದಿಂದ ಮಾಡಿ ಸೋತರು, ಕೊನೆಗೆ ಜೋಳದ ಹಿಟ್ಟಿನಿಂದ ಮಾಡಿ ಗೆದ್ದರು. ಮನುಷ್ಯನ ಮೈಗೆ ಹದ ಕೊಟ್ಟ ಹಿಟ್ಟೇ ನೂಲಿಗೂ ಹದ ಕೊಡುತ್ತದೆ.

ಮಗ್ಗ ಎನ್ನುವುದಕ್ಕೆ ಅಲ್ಲಿ ಚೌಕಟ್ಟಿಲ್ಲ, ಗುಂಡಿಯಿಲ್ಲ, ತುಳಿಯುವ ಹಲಗೆಯಿಲ್ಲ. ಒಂದಿಷ್ಟು ಕೋಲು, ಒಂದು ಹಗ್ಗ, ಬೆನ್ನಿಗೆ ಆನಿಸುವ ಒಂದು ಪಟ್ಟಿ. ಹಾಸಿನ ಒಂದು ತುದಿಯನ್ನು ಮರಕ್ಕೋ ಕಂಬಕ್ಕೋ ಕಟ್ಟಿ, ಇನ್ನೊಂದು ತುದಿಯ ಪಟ್ಟಿಯನ್ನು ಸೊಂಟದ ಹಿಂದೆ ಸುತ್ತಿಕೊಂಡು ಹೆಂಗಸು ಮಂಡಿಯೂರಿ ಕೂತರೆ ಮಗ್ಗ ತಯಾರು. ಹಿಂದಕ್ಕೆ ವಾಲಿದರೆ ಎಳೆ ಬಿಗಿಯುತ್ತದೆ, ಮುಂದಕ್ಕೆ ಬಾಗಿದರೆ ಸಡಿಲಾಗುತ್ತದೆ. ನೇಯುವವಳ ಮೈಯೇ ಯಂತ್ರದ ಅರ್ಧ ಭಾಗ. ಅವಳ ಕೈಗಳು ಎಷ್ಟಗಲ ಆಡುತ್ತವೋ ಬಟ್ಟೆಯೂ ಅಷ್ಟೇ ಅಗಲ. ಮಳೆ ಬಂದರೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋಗಬಹುದು.

ಈ ಮಗ್ಗದ ಬಟ್ಟೆಯಲ್ಲಿ ನಾನು ಎಲ್ಲಕ್ಕಿಂತ ಮೆಚ್ಚುವುದು ಅದರ ಅಂಚನ್ನು. ನಮಗೆ ಗೊತ್ತಿರುವ ಬಟ್ಟೆಗೆ ಅಂಚು ಎರಡು ಕಡೆ, ಉಳಿದೆರಡು ಕಡೆ ಕತ್ತರಿ. ಇಲ್ಲಿ ಹಾಸಿನ ನೂಲು ಕೊನೆಯ ಕೋಲನ್ನು ಸುತ್ತಿ ಮರಳಿ ಬರುತ್ತದೆ, ಹಾಗಾಗಿ ನಾಲ್ಕೂ ಕಡೆ ಅಂಚು. ಬಟ್ಟೆಗೆ ಕತ್ತರಿಯ ಗಾಯವೇ ಇಲ್ಲ. ಇದರ ಬೆಲೆ ಕೊನೆಯ ಬೆರಳಗಲದಲ್ಲಿ ತೆರಬೇಕು. ನೇಯ್ಗೆ ತುದಿಗೆ ಬರುತ್ತಿದ್ದ ಹಾಗೆ ಎಳೆಗಳ ನಡುವಿನ ಬಾಯಿ ಕಿರಿದಾಗುತ್ತಾ ಹೋಗುತ್ತದೆ. ಹೊಕ್ಕು ಬಡಿಯುವ ಮರದ ಕತ್ತಿಪಟ್ಟಿ ಹಿಡಿಸುವುದಿಲ್ಲ, ತೆಳ್ಳನೆಯ ಕಡ್ಡಿ ಬೇಕು. ಆಮೇಲೆ ಅದೂ ಹಿಡಿಸದೆ ಸೂಜಿಯಲ್ಲಿ ಒಂದೊಂದೇ ಎಳೆ ಎತ್ತಿ ಹೊಕ್ಕು ತೂರಿಸಬೇಕು. ಹಳೆಯ ಬಟ್ಟೆ ಸಿಕ್ಕರೆ ಆ ಜಾಗ ಹುಡುಕಿ ನೋಡಿ. ನೇಯ್ಗೆ ಅಲ್ಲಿ ಕೊಂಚ ಸಡಿಲ, ಕೊಂಚ ಸೊಟ್ಟ. ಬಟ್ಟೆ ಮುಗಿದ ಜಾಗ ಬೆರಳಿಗೆ ಸಿಗುತ್ತದೆ.

ಗ್ವಾಟೆಮಾಲಾದ ಅತಿತ್ಲಾನ್ ಸರೋವರದ ದಡದಲ್ಲಿ ತ್ಸುತುಹಿಲ್ ಮಾಯಾ ಜನರ ಸಾಂತಿಯಾಗೊ ಎಂಬ ಊರಿದೆ. ಸುತ್ತ ಜ್ವಾಲಾಮುಖಿಗಳು, ಮಧ್ಯಾಹ್ನವಾದರೆ ನೀರನ್ನು ಕಡೆಯುವ ಶೊಕೊಮಿಲ್ ಗಾಳಿ. ಅಲ್ಲಿಯವರಿಗೆ ನೇಯುವುದು ಹೆರಿಗೆಯೇ. ಮರಕ್ಕೆ ಕಟ್ಟಿದ ಹಗ್ಗ ಹೊಕ್ಕುಳಬಳ್ಳಿ. ಹಾಸಿನ ಎಳೆಗಳಿಗೆ ತಲೆಯೂ ಇದೆ, ಬುಡವೂ ಇದೆ. ಸೊಂಟದ ಹಿಂದೆಮುಂದಿನ ಆಟ ಹೆರಿಗೆಯ ನೋವಿನ ಲಯ. ಮಗ್ಗದ ಕೋಲುಗಳು ದೇವಿಯರು. ಇದನ್ನು ತಿಳಿದ ಮೇಲೆ ನಾಲ್ಕೂ ಕಡೆ ಅಂಚಿರುವ ಬಟ್ಟೆಗೆ ಯಾಕೆ ಕತ್ತರಿ ಹಾಕುವುದಿಲ್ಲವೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಹುಟ್ಟಿದ್ದನ್ನು ಕತ್ತರಿಸುವುದುಂಟೆ? ಹೆಂಗಸರ ಮೇಲಂಗಿಯಾದ ಉಯಿಪಿಲ್ ಕೂಡ ಹೀಗೆ ಇಡಿಯಾಗಿ ನೇಯ್ದ ಎರಡು ಮೂರು ಪಟ್ಟಿಗಳನ್ನು ಬದಿಬದಿಗೆ ಹೊಲಿದು ಮಾಡಿದ್ದು.

ಈಗ ಕಪ್ಪೆಯ ಮಾತು. ನೀರಿನ ದೈವ ಬಟ್ಟೆಗೆ ಇಳಿಯುವುದು ಈ ಪ್ರಾಣಿಯ ರೂಪದಲ್ಲಿ.

ಚಿಯಾಪಾಸ್‌ನ ಮಗ್ದಲೇನಾಸ್, ಸಾನ್ ಆಂದ್ರೆಸ್ ಕಡೆಯ ಉಯಿಪಿಲ್‌ಗಳಲ್ಲಿ ಎದೆಯ ಮೇಲೆಲ್ಲ ವಜ್ರಾಕೃತಿಯ ಸಾಲು. ಒಂದೊಂದು ವಜ್ರವೂ ನಾಲ್ಕು ಮೂಲೆಯ ಜಗತ್ತು, ನಡುವೆ ಸೂರ್ಯ. ವಸ್ತುಸಂಗ್ರಹಾಲಯಗಳ ವಿವರಣೆ, ಪುಸ್ತಕಗಳ ಮುಖಪುಟ ಎಲ್ಲವೂ ಈ ವಜ್ರಕ್ಕೇ ಮೀಸಲು. ನನ್ನ ಕಣ್ಣು ಹೋಗುವುದು ವಜ್ರದ ಆಚೆಗೆ, ಕಪ್ಪೆಗಳು ಕೂತಿರುವ ಸಾಲಿಗೆ. ನಡುವೆ ನೆಟ್ಟಗೆ ಒಂದು ಮೈ, ಎರಡೂ ಬದಿಗೆ ಮಡಚಿ ಚಾಚಿದ ಕೈಕಾಲು, ಎಲ್ಲವೂ ಮೂಲೆ ತಿರುಗಿದ ಗೆರೆಗಳಲ್ಲಿ. ಬಾಗು ಎಂಬುದು ಈ ಮಗ್ಗದಲ್ಲಿ ಸುಲಭವಲ್ಲ. ಹಾಸಿನ ಎಳೆ ಎಣಿಸಿ, ಇಷ್ಟು ಎತ್ತಿ ಇಷ್ಟು ಬಿಟ್ಟು, ನೆಲದ ನೇಯ್ಗೆಯ ಜೊತೆಗೆ ಬಣ್ಣದ ಹೆಚ್ಚುವರಿ ಹೊಕ್ಕನ್ನು ಬೆರಳಿನಿಂದ ತೂರಿಸುತ್ತಾ ಹೋಗಬೇಕು. ಕೆಂಪು ಎಳೆ ಮೂರು ಎಳೆಗಳ ಕೆಳಗೆ ಹೋಗಿ, ಎದ್ದು, ಮುಂದಿನ ಸಾಲಿನಲ್ಲಿ ಒಂದು ಎಳೆ ಪಕ್ಕಕ್ಕೆ ಸರಿಯುತ್ತದೆ. ಕಪ್ಪೆಯ ಮೊಣಕಾಲು ಮೂಡುವುದು ಹೀಗೆ, ಒಂದೊಂದೇ ಮೆಟ್ಟಿಲಾಗಿ. ಕಾಗದದ ಮೇಲೆ ಬರೆದ ಮಾದರಿ ಇಲ್ಲ, ಲೆಕ್ಕವೆಲ್ಲ ತಲೆಯಲ್ಲಿ. ಇಷ್ಟು ಬಿಗಿಯಾದ ಲೆಕ್ಕದೊಳಗೂ ಒಂದು ಕಪ್ಪೆ ಇನ್ನೊಂದರ ಹಾಗಿರುವುದಿಲ್ಲ. ಒಂದಕ್ಕೆ ಭುಜ ಅಗಲ, ಮತ್ತೊಂದಕ್ಕೆ ಕಾಲು ಗಿಡ್ಡ.

ಈ ಕಪ್ಪೆ ನೆಲದೊಡೆಯನ ಆಸ್ಥಾನ ವಿದ್ವಾಂಸ. ಗುಹೆಯ ಬಾಗಿಲಲ್ಲಿ ಕೂತು ಕಾಯುತ್ತದೆ, ಮಳೆ ಬರುವ ಮುಂಚೆ ಹಾಡಿ ಸಾರುತ್ತದೆ. 1970ರ ದಶಕದಿಂದ ಈ ನೇಕಾರ ಹೆಂಗಸರ ನಡುವೆ ಬದುಕಿ, ಅವರ ನಕ್ಷೆಗಳನ್ನು ಓದಲು ಕಲಿತ ವಾಲ್ಟರ್ ಮಾರಿಸ್ 1987ರ ‘ಲಿವಿಂಗ್ ಮಾಯಾ’ ಪುಸ್ತಕದಲ್ಲಿ ಇದನ್ನೆಲ್ಲ ವಿವರಿಸಿದ್ದಾರೆ. ಅವರಿಗೆ ಕಲಿಸಿದವರು ಆ ಹೆಂಗಸರೇ. ಪ್ರವಾಸಿಗರ ಅಂಗಡಿಗಳಲ್ಲಿ ಈಗ ನಕ್ಷೆಗೊಂದು ಅರ್ಥ ಬರೆದ ಚೀಟಿ ಸಿಗುತ್ತದೆ: ವಜ್ರ ಎಂದರೆ ಜಗತ್ತು, ಕಪ್ಪೆ ಎಂದರೆ ಮಳೆ. ಚೀಟಿ ಸುಳ್ಳಲ್ಲ, ಆದರೆ ಓದಿದವರು ಅಲ್ಲಿಗೇ ನೋಡುವುದನ್ನು ನಿಲ್ಲಿಸುತ್ತಾರೆ ಎಂಬುದೇ ನನ್ನ ತಕರಾರು. ನೇಯುವವಳು ಕಪ್ಪೆಯನ್ನು ಹಾಕುವುದು ಅರ್ಥ ತಿಳಿಸಲಿಕ್ಕೆ ಮಾತ್ರವಲ್ಲ, ಕಪ್ಪೆ ಅಲ್ಲಿ ಇರಲಿ ಎಂದು.

ಬೆಟ್ಟ ಇಳಿದು ಉತ್ತರಕ್ಕೆ ಹೋದರೆ ಯುಕಟಾನ್ ಬಯಲು. ಅಲ್ಲಿ ಮಳೆಯ ದೈವ ಚಾಕ್. ದಿಕ್ಕಿಗೊಬ್ಬ, ದಿಕ್ಕಿಗೊಂದು ಬಣ್ಣ: ಮೂಡಣಕ್ಕೆ ಕೆಂಪು, ಬಡಗಣಕ್ಕೆ ಬಿಳಿ, ಪಡುವಣಕ್ಕೆ ಕಪ್ಪು, ತೆಂಕಣಕ್ಕೆ ಹಳದಿ. ಅವನ ಬಂಟ ವೋ ಎಂಬ ಕಪ್ಪೆ. ನೆಲದೊಳಗೆ ಹೂತುಕೊಂಡಿದ್ದು ಜೋರು ಮಳೆ ಬಿದ್ದಾಗ ಹೊರಬರುತ್ತದೆ. ಕಪ್ಪು ಮೈ, ಬೆನ್ನಿನುದ್ದಕ್ಕೆ ಒಂದು ಕೆಂಪು ಗೆರೆ. ಉಬ್ಬಿಕೊಂಡು ‘ವೋ’ ಎಂದು ತನ್ನ ಹೆಸರನ್ನೇ ಕೂಗುತ್ತದೆ. ಹಳೆಯ ಮಾಯಾ ಪಂಚಾಂಗದ ಎರಡನೆಯ ತಿಂಗಳಿಗೂ ವೋ ಎಂದೇ ಹೆಸರು. ಮಳೆ ತಡವಾದರೆ ಊರಿನವರು ಚಾ ಚಾಕ್ ಎಂಬ ಪೂಜೆ ಮಾಡುತ್ತಾರೆ. ಕೋಲುಗಳಿಂದ ಕಟ್ಟಿದ ಪೂಜೆಯ ಮೇಜಿನ ನಾಲ್ಕು ಕಾಲುಗಳ ಬಳಿ ನಾಲ್ವರು ಹುಡುಗರನ್ನು ಕೂರಿಸುತ್ತಾರೆ. ಪೂಜಾರಿಯ ಮಂತ್ರ ನಡೆಯುತ್ತಿದ್ದಂತೆ ಆ ಹುಡುಗರು ಕಪ್ಪೆಗಳಾಗಿ ವಟಗುಟ್ಟುತ್ತಾರೆ. ರಾಬರ್ಟ್ ರೆಡ್‌ಫೀಲ್ಡ್, ಅಲ್ಫೊನ್ಸೊ ವಿಯಾ ರೋಹಾಸ್ 1934ರಲ್ಲಿ ಪ್ರಕಟಿಸಿದ ಚಾನ್ ಕೋಮ್ ಎಂಬ ಹಳ್ಳಿಯ ಅಧ್ಯಯನದಲ್ಲಿ ಈ ಪೂಜೆಯ ವರ್ಣನೆಯಿದೆ. ಹೆಂಗಸರು ಆ ಜಾಗಕ್ಕೆ ಹೋಗುವಂತಿರಲಿಲ್ಲ. ಹೊಲದಲ್ಲಿ ಗಂಡಸರು ಕಪ್ಪೆಯ ದನಿ ಎತ್ತಿದರೆ ಬೆಟ್ಟಸೀಮೆಯ ಹೆಂಗಸರು ಕಪ್ಪೆಯನ್ನು ಮೈಮೇಲೆ ತೊಟ್ಟುಕೊಂಡಿದ್ದಾರೆ. ಯಾರ ಪೂಜೆ ದೊಡ್ಡದು? ನನ್ನ ಓಟು ಬಟ್ಟೆಗೆ. ಪೂಜೆ ಕೆಲವೇ ದಿನದ್ದು, ಬಟ್ಟೆ ದಿನಾ ಉಡುವಂಥದ್ದು.

ಕೆಕ್ಚಿ ಮಾಯಾ ಜನರ ಒಂದು ಕಥೆಯಲ್ಲಿ ನೇಯ್ಗೆ, ನೀರು, ಸಿಡಿಲು ಮೂರೂ ಒಟ್ಟಿಗೆ ಸೇರುತ್ತವೆ. ಎರಿಕ್ ಥಾಂಪ್ಸನ್ ಎಂಬ ವಿದ್ವಾಂಸ ಬೆಲೀಜ್‌ನಲ್ಲಿ ಕೇಳಿ ಬರೆದುಕೊಂಡದ್ದು. ಪಾಠಾಂತರಗಳು ಬೇಕಾದಷ್ಟಿವೆ. ಬೆಟ್ಟದೊಡೆಯನ ಮಗಳು ಮಗ್ಗದ ಮುಂದೆ ಕೂತಿದ್ದಾಳೆ. ಸೂರ್ಯ ಅವಳಿಗೆ ಮನಸೋತು ಹಮ್ಮಿಂಗ್‌ಬರ್ಡ್ ಆಗಿ ಹೊಗೆಸೊಪ್ಪಿನ ಹೂವಿಗೆ ಬರುತ್ತಾನೆ. ಹಕ್ಕಿ ಬೇಕೆಂದು ಅವಳು ಹಟ ಹಿಡಿಯುತ್ತಾಳೆ, ಅಪ್ಪ ಊದುಕೊಳವೆಯಿಂದ ಹೊಡೆದು ಬೀಳಿಸುತ್ತಾನೆ. ರಾತ್ರಿ ಹಕ್ಕಿ ಹುಡುಗನಾಗುತ್ತದೆ, ಇಬ್ಬರೂ ಓಡಿಹೋಗುತ್ತಾರೆ. ಬೆನ್ನಟ್ಟಲಾರದ ಅಪ್ಪ ಅವರನ್ನು ಹೊಡೆಯಲು ಸಿಡಿಲಿನ ಚಾಕ್‌ಗೆ ಹೇಳುತ್ತಾನೆ. ಸೂರ್ಯ ಆಮೆಯ ಚಿಪ್ಪು ಹೊಕ್ಕು ನೀರಲ್ಲಿ ಮುಳುಗಿ ಪಾರಾಗುತ್ತಾನೆ. ಹುಡುಗಿ ಹೊಕ್ಕ ಏಡಿಯ ಚಿಪ್ಪು ಅವಳನ್ನು ಕಾಯಲಿಲ್ಲ. ಅವಳ ರಕ್ತ ನೀರಿನ ಮೇಲೆ ಹರಡಿ ನಿಲ್ಲುತ್ತದೆ. ಆಗ ಏರೋಪ್ಲೇನ್ ಚಿಟ್ಟೆಗಳು ಬಂದು ಹನಿಹನಿಯಾಗಿ ರಕ್ತ ಎತ್ತಿ 13 ಪಾತ್ರೆಗಳಲ್ಲಿ ತುಂಬುತ್ತವೆ. 13 ದಿನದ ಮೇಲೆ ತೆರೆದರೆ ಹನ್ನೆರಡರಲ್ಲಿ ಹಾವು, ಹುಳಹುಪ್ಪಟೆ. ಹದಿಮೂರನೆಯದರಲ್ಲಿ ಅವಳು. ಮುಂದೆ ಚಂದ್ರನಾಗುವವಳು ಅವಳೇ.

ಮೆಕ್ಸಿಕೊ ನಗರದ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಮಾಯಾ ಸೀಮೆಯ ಹೈನಾ ದ್ವೀಪದ ಸಮಾಧಿಗಳ ಕಾಲದ ಒಂದು ಮಣ್ಣಿನ ಬೊಂಬೆ ಇದೆ. ಸಾವಿರ ವರ್ಷಕ್ಕೂ ಹಳೆಯದು. ಹೆಂಗಸೊಬ್ಬಳು ಸೊಂಟದ ಮಗ್ಗದ ಮುಂದೆ ಕೂತಿದ್ದಾಳೆ, ಮಗ್ಗ ಕಟ್ಟಿದ ಬೊಡ್ಡೆಯ ಮೇಲೆ ಒಂದು ಹಕ್ಕಿ. ಅದು ಆ ಕಥೆಯ ಹಕ್ಕಿಯೋ, ಸುಮ್ಮನೆ ಬಂದು ಕೂತ ಹಕ್ಕಿಯೋ, ಬೊಂಬೆ ಮಾಡಿದವನಿಗೇ ಗೊತ್ತು. ಮಗ್ಗ ಮಾತ್ರ ಇವತ್ತಿನ ಮಗ್ಗವೇ.

ಮಾಯಾ ದೇವಿಯರಲ್ಲಿ ಮುದುಕಿ ಚಾಕ್ ಚೆಲ್‌ಳನ್ನು ಮರೆಯುವಂತಿಲ್ಲ. ಮರದ ತೊಗಟೆಯ ಕಾಗದದ ಡ್ರೆಸ್ಡನ್ ಹಸ್ತಪ್ರತಿಯ 74ನೇ ಪುಟದಲ್ಲಿ ಅವಳಿದ್ದಾಳೆ. ಮೇಲೆ ಆಕಾಶದ ಮೊಸಳೆ ಬಾಯಿ ತೆರೆದು ನೀರು ಕಾರುತ್ತಿದೆ, ಕೆಳಗೆ ತಲೆಗೆ ಹಾವು ಸುತ್ತಿಕೊಂಡ ಅಜ್ಜಿ ಕೊಡ ಬಗ್ಗಿಸಿ ಸುರಿಯುತ್ತಿದ್ದಾಳೆ. ಅವಳ ಮುಖದಲ್ಲಿ ಕೋಪವೇನೂ ಇಲ್ಲ, ಮಾಡಲೇಬೇಕಾದ ಕೆಲಸ ಮಾಡುವವರ ಗಾಂಭೀರ್ಯ. ಬಸಿರು, ಹೆರಿಗೆ, ನೇಯ್ಗೆಗಳನ್ನು ಕಾಯುವವಳೂ ಇಂಥ ಅಜ್ಜಿಯೇ. ಮ್ಯಾಡ್ರಿಡ್ ಹಸ್ತಪ್ರತಿಯಲ್ಲಿ ದೇವಿಯರು ನೇಯುತ್ತಾ ಕೂತಿದ್ದಾರೆ. 1739ರಲ್ಲಿ ವಿಯೆನ್ನಾದಲ್ಲಿ ಸಿಕ್ಕಿ ಡ್ರೆಸ್ಡನ್ ಸೇರಿದ ಪುಸ್ತಕಕ್ಕೆ 1945ರ ಬಾಂಬ್ ದಾಳಿಯ ಹೊತ್ತಿನಲ್ಲಿ ಪೆಟ್ಟು ಬಿದ್ದದ್ದು ಬೆಂಕಿಯಿಂದಲ್ಲ, ನೀರಿನಿಂದ.

ನೀರು ಕೆಡಿಸಿದ್ದಷ್ಟೇ ಅಲ್ಲ, ಉಳಿಸಿದ್ದೂ ಇದೆ. ಮಾಯಾ ಸೀಮೆಯ ಬಿಸಿ ತೇವದಲ್ಲಿ ಹಳೆಯ ಬಟ್ಟೆ ಉಳಿಯುವುದಿಲ್ಲ. ಕಲ್ಲಿನ ಮೇಲೆ, ಮಡಕೆಯ ಮೇಲೆ ಬಟ್ಟೆಯ ಚಿತ್ರವಿದೆ, ಬಟ್ಟೆ ಇಲ್ಲ. ಚಿಚೆನ್ ಇಟ್ಸಾದ ಪವಿತ್ರ ಸೆನೋಟೆ ಈ ಮಾತಿಗೆ ಅಪವಾದ. ನದಿಗಳೇ ಇಲ್ಲದ ಉತ್ತರ ಯುಕಟಾನ್‌ನಲ್ಲಿ ಸುಣ್ಣಕಲ್ಲು ಕುಸಿದು ಉಂಟಾದ ಈ ಆಳವಾದ ನೀರಗುಂಡಿ ಚಾಕ್‌ನ ಮನೆಬಾಗಿಲು. ಅದರೊಳಗೆ ಹಸಿರುಕಲ್ಲು, ಬಂಗಾರ, ಧೂಪ, ಮನುಷ್ಯರು ಎಲ್ಲವೂ ಕಾಣಿಕೆಯಾಗಿ ಬಿದ್ದಿವೆ. 1904ರಿಂದ ಅಮೆರಿಕದ ಎಡ್ವರ್ಡ್ ಥಾಂಪ್ಸನ್ ಹೂಳೆತ್ತಿಸಿ ಇವನ್ನೆಲ್ಲ ಹೊರತೆಗೆದು ಸದ್ದಿಲ್ಲದೆ ಹಾರ್ವರ್ಡ್‌ನ ಪೀಬಡಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದ. ಅದು ಕಳವೇ ಎಂಬುದು ನನ್ನ ಅಭಿಪ್ರಾಯ. ಒಂದಿಷ್ಟು ವಸ್ತುಗಳು 1970ರ ದಶಕದಲ್ಲಿ ಮೆಕ್ಸಿಕೊಗೆ ಮರಳಿದವು. ಬಂಗಾರದ ಗದ್ದಲದಲ್ಲಿ ಯಾರೂ ಹೆಚ್ಚು ಮಾತಾಡದ ವಸ್ತುವೊಂದು ಆ ಕೆಸರಿನಲ್ಲಿತ್ತು: ಕರಿಕಾಗಿ ಕಪ್ಪಾದ ನೂರಾರು ಬಟ್ಟೆಯ ತುಣುಕು. ಅಂಗೈಯಗಲದ್ದು, ಅದಕ್ಕಿಂತ ಚಿಕ್ಕದು. ಸಾದಾ ನೇಯ್ಗೆ ಇದೆ, ಬೆಳಕು ತೂರುವ ಜಾಲರಿ ನೇಯ್ಗೆ ಇದೆ, ಹೆಚ್ಚುವರಿ ಹೊಕ್ಕಿನ ನಕ್ಷೆಯೂ ಇದೆ. ಮಳೆದೇವರಿಗೆ ಕೊಟ್ಟ ಬಟ್ಟೆಯನ್ನು ಅವನ ನೀರೇ ಇಟ್ಟುಕೊಂಡಿತು.

ಈಗಿನ ಮಾತು ಹೇಳಬೇಕೆಂದರೆ, ಉಯಿಪಿಲ್‌ಗೆ ಅಕ್ರಿಲಿಕ್ ನೂಲು ಬಂದಿದೆ, ಕಣ್ಣು ಕುಕ್ಕುವ ಗುಲಾಬಿ, ನೇರಳೆ ಬಂದಿವೆ. ಇದಕ್ಕೆ ಮೂಗು ಮುರಿಯುವ ಸಂಗ್ರಾಹಕರ ಜೊತೆ ನಾನಿಲ್ಲ. ಹೊಸ ಬಣ್ಣ ಕಂಡರೆ ಆಸೆಪಡುವುದು ನೇಕಾರರ ಹುಟ್ಟುಗುಣ. ಕಪ್ಪೆ ಗುಲಾಬಿಯಾದರೂ ಕೂಗು ನಿಲ್ಲಿಸುವುದಿಲ್ಲ. ನಿಜವಾದ ಕಳ್ಳತನ ಬೇರೆ ಕಡೆ ಇದೆ. ತಿಂಗಳುಗಟ್ಟಲೆ ಕೂತು ನೇಯ್ದ ನಕ್ಷೆಯ ಫೋಟೊ ತೆಗೆದು ಯಂತ್ರದಲ್ಲಿ ಅಚ್ಚು ಹಾಕಿ ಮಾರುವವರಿದ್ದಾರೆ. ಗ್ವಾಟೆಮಾಲಾದ ಮಾಯಾ ನೇಕಾರ ಹೆಂಗಸರು ಒಟ್ಟುಗೂಡಿ ತಮ್ಮ ನಕ್ಷೆಗಳ ಸಾಮೂಹಿಕ ಹಕ್ಕಿಗಾಗಿ ಸಾಂವಿಧಾನಿಕ ನ್ಯಾಯಾಲಯದ ಮೆಟ್ಟಿಲೇರಿದರು. ಈ ಬಗ್ಗೆ ಕಾನೂನು ಮಾಡುವಂತೆ 2017ರಲ್ಲಿ ನ್ಯಾಯಾಲಯ ಅಲ್ಲಿನ ಸಂಸತ್ತಿಗೆ ಹೇಳಿತು. ಚಿಯಾಪಾಸ್‌ನ ಸಾನ್ ಕ್ರಿಸ್ಟೋಬಾಲ್ ಊರಿನಲ್ಲಿ 1970ರ ದಶಕದಿಂದ ಸ್ನಾ ಹೋಲೋಬಿಲ್ ಎಂಬ ನೇಕಾರರ ಸಹಕಾರ ಸಂಘವಿದೆ. ಕೊಳ್ಳುವವರು ಇಂಥ ಕಡೆ ಕೊಂಡರೆ ದುಡ್ಡು ನೇಯ್ದ ಕೈಗೆ ತಲಪುತ್ತದೆ.

ಅಷ್ಟು ದೂರ ಹೋಗಲಾಗದವರಿಗೆ ಲಂಡನ್ ಹತ್ತಿರ. ಬ್ರಿಟಿಷ್ ಮ್ಯೂಸಿಯಂನ 27ನೇ ಕೋಣೆಯಲ್ಲಿ, ಚಿಯಾಪಾಸ್‌ನ ಯಾಶ್‌ಚಿಲಾನ್ ಎಂಬ ನದಿದಡದ ನಗರದಿಂದ ಬಂದ, ಬಾಗಿಲ ಮೇಲಿನ ಒಂದು ಕಲ್ಲು ಇದೆ. 24ನೇ ನಂಬರಿನ ಕಲ್ಲು ಎಂದೇ ಅದರ ಹೆಸರು. ಕ್ರಿ.ಶ. 709ರ ಘಟನೆ. ರಾಣಿ ಕಬಲ್ ಶೋಕ್ ಮಂಡಿಯೂರಿ ತನ್ನ ನಾಲಿಗೆಯ ತೂತಿನ ಮೂಲಕ ಮುಳ್ಳಿನ ಹಗ್ಗ ಎಳೆಯುತ್ತಿದ್ದಾಳೆ, ಗಂಡನಾದ ರಾಜ ಪಂಜು ಹಿಡಿದಿದ್ದಾನೆ. ನೋಡುವವರೆಲ್ಲ ಆ ಹಗ್ಗವನ್ನೂ ರಕ್ತವನ್ನೂ ನೋಡಿ, ಮುಖ ಕಿವುಚಿ, ಫೋಟೊ ತೆಗೆದು ಮುಂದೆ ಹೋಗುತ್ತಾರೆ. ನೀವು ಅವಳ ಉಯಿಪಿಲ್ ನೋಡಿ. ಮೈತುಂಬ ವಜ್ರಗಳ ಬಲೆ, ಕೆಳಗೆ ಬೇರೆಯದೇ ನಕ್ಷೆಯ ಅಂಚು, ಅದಕ್ಕೊಂದು ಕುಚ್ಚು. ಶಿಲ್ಪಿ ಉಳಿಯಲ್ಲಿ ಎಳೆ ಎಣಿಸಿದ್ದಾನೆ. 1,300 ವರ್ಷಗಳ ಹಿಂದಿನ ಆ ವಜ್ರಕ್ಕೂ ಇವತ್ತಿನ ಚಿಯಾಪಾಸ್ ಹೆಂಗಸು ನೇಯುವ ವಜ್ರಕ್ಕೂ ಇರುವ ಹೋಲಿಕೆ ಕಾಣಲು ಪಂಡಿತರು ಬೇಕಿಲ್ಲ. ಕಲ್ಲಿನ ಮುಂದೆ ಅರ್ಧ ಗಂಟೆ ನಿಂತರೆ ಸಾಕು. ಒಳಗೆ ಹೋಗಲು ಟಿಕೆಟ್ ಇಲ್ಲ.